ಮೀನಿನ ಹಲ್ಲು ಕತ್ತರಿಸಿದ ಭಾನುವಾರ

ಎದುರಿಗೆ ಊಟ ಇಟ್ಟುಕೊಂಡು ಹಸಿವಿನಿಂದ ಸಾಯುವುದು ಹೇಗೆಂದು ನನಗೆ ತೋರಿಸಿಕೊಟ್ಟದ್ದು ಒಂದು ಮೀನು. ಹಸಿರು ಮೈ, ಬೆನ್ನ ತುಂಬ ಕಪ್ಪು ಚುಕ್ಕಿ, ಹೆದರಿದರೆ ಚೆಂಡಿನ ಹಾಗೆ ಉಬ್ಬುವ ಜಾತಿ. ಮಾರುವವರು ಪಫರ್ ಎನ್ನುತ್ತಾರೆ. ಮಂಗಳೂರಿಗೆ ಒಂದು ಮದುವೆಗೆ ಹೋದ ನನ್ನ ಗಂಡ ವಾಪಸು ಬರುವಾಗ ಅದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಿಡಿದುಕೊಂಡು ಬಂದಿದ್ದರು. ನಾನು ಹೇಳಿ ಕಳಿಸಿದ್ದು ಮಿಕ್ಸಿಯ ಜಾರಿಗೆ. ಅದು ಮರೆತುಹೋಗಿತ್ತು.

ಅವರ ಕೆಲಸ ಪುತ್ತೂರು ಪೇಟೆಯ ಒಂದು ಅಡಿಕೆ ಅಂಗಡಿಯಲ್ಲಿ. ಕಾಣಿಯೂರಿನಿಂದ, ಪಂಜದಿಂದ, ಬೆಟ್ಟಂಪಾಡಿಯಿಂದ ಬರುವ ಗೋಣಿಗಳಿಗೆ ಕೈ ಹಾಕುವುದು, ಸಿಕ್ಕಿದ ಅಡಿಕೆಯನ್ನು ಕತ್ತರಿಯಲ್ಲಿ ಹೋಳು ಮಾಡುವುದು, ಒಳಗಿನ ಬಣ್ಣ ನೋಡುವುದು, ಒಂದು ಚೂರು ಕಚ್ಚಿ ಇದು ಹೊಸತು, ಇದು ಹಳತು, ಇದು ಒಳಗೇ ಕೆಟ್ಟದ್ದು ಎಂದು ಹೇಳುವುದು. ಆ ಚೂರನ್ನು ಉಗುಳುವ ಅಭ್ಯಾಸ ಅವರಿಗಿಲ್ಲ. ಅದಕ್ಕೇ ಎಲೆ, ಸುಣ್ಣ, ಒಂದಿಷ್ಟು ಹೊಗೆಸೊಪ್ಪು ಸೇರಿಸಿ ಮುಂದುವರಿಸುವುದು. ಅವರ ಬಾಯಿ ಖಾಲಿ ಇದ್ದದ್ದನ್ನು ನಾನು ಕಂಡದ್ದು ನಿದ್ದೆಯಲ್ಲಿ ಮಾತ್ರ, ಅದೂ ಖಾತ್ರಿ ಇಲ್ಲ. ಅಂಗಡಿಯಲ್ಲಿ ಎಲ್ಲರೂ ಹಾಗೆಯೇ. ಊರಿನ ಅರ್ಧ ಜನರೂ ಹಾಗೆಯೇ. ಹಾಗಾಗಿ ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಅದಕ್ಕೋ ಏನೋ, ಮೀನಿಗೆ ಅವರು ಮಾಡಿದ ಉಪಚಾರ ನೋಡಿ ನನಗೆ ನಗುವೂ ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಮಾರ್ಕೆಟ್ಟಿನಿಂದ ಮರುವಾಯಿ ತಂದು, ಚಿಪ್ಪು ಬಿಡಿಸಿ, ಒಳಗಿನ ಮಾಂಸವನ್ನು ಅಡಿಕೆ ಕತ್ತರಿಯಲ್ಲೇ ಸಣ್ಣ ಸಣ್ಣ ಚೂರು ಮಾಡಿ ಹಾಕುತ್ತಿದ್ದರು. ಸಿಗಡಿಯಾದರೆ ತಲೆ, ಬಾಲ, ಸಿಪ್ಪೆ ಎಲ್ಲ ತೆಗೆದು. ನಮ್ಮ ಕಡೆ ಸಣ್ಣ ಮಗುವಿಗೆ, ಹಲ್ಲಿಲ್ಲದ ಅಜ್ಜನಿಗೆ ಮುಳ್ಳು ಬಿಡಿಸಿ ಬಡಿಸುವುದು ಕ್ರಮ. ಅದೇ ಕ್ರಮ ಮೀನಿಗೂ ನಡೆಯಿತು.

"ಹೊಳೆಯಲ್ಲಿರುವಾಗ ಅದಕ್ಕೆ ಯಾರು ಬಿಡಿಸಿ ಕೊಡ್ತಿದ್ರು?" ಎಂದು ನಾನು ಕೇಳಿದ್ದೆ.

"ಈಗ ಮನೆಯಲ್ಲಿ ಉಂಟಲ್ಲ ಮಾರಾಯ್ತಿ. ಗಟ್ಟಿಯದ್ದೆಲ್ಲ ಯಾಕೆ, ಪಾಪ" ಎಂದರು.

ಅದೇ ಸುಮಾರಿಗೆ ನನ್ನ ಸಾರು ಅವರಿಗೆ ಖಾರವಾಗತೊಡಗಿತು. ಮೊದಲು ಕೋಳಿ ಸಾರು. ಆಮೇಲೆ ಬರೀ ಬೇಳೆ ಸಾರೂ. "ಬಾಯಿ ಉರಿಯುತ್ತದೆ, ಮೆಣಸು ಎಷ್ಟು ಹಾಕಿದ್ದು?" ಮೆಣಸು ಅಷ್ಟೇ ಇತ್ತು, ಮದುವೆಯಾದಂದಿನಿಂದ ಅಷ್ಟೇ. ನನಗೆ ಪಿತ್ತ ನೆತ್ತಿಗೇರಿತು. ಬೇಕಾದರೆ ನಿಮ್ಮ ತಂಗಿಯ ಮನೆಗೆ ಹೋಗಿ ಉಣ್ಣಿ ಎಂದೆ. ಅವರು ಜಗಳಕ್ಕೆ ಬರಲಿಲ್ಲ. ಗರಿಗರಿ ರೊಟ್ಟಿಯನ್ನು ಕಟುಂ ಕಟುಂ ಎಂದು ಕಡಿಯುತ್ತಿದ್ದ ಮನುಷ್ಯ, ಅದು ಸಾರಿನಲ್ಲಿ ನೆನೆದು ಮುದ್ದೆಯಾಗುವವರೆಗೆ ಸುಮ್ಮನೆ ಕಾಯತೊಡಗಿದರು. ರಾತ್ರಿಗೆ ಗಂಜಿ ಸಾಕು ಎನ್ನತೊಡಗಿದರು.

ಮೀನು ತಿನ್ನುವುದು ಕಡಿಮೆಯಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಚೂರು ನೀರಿಗೆ ಬಿದ್ದ ಕೂಡಲೇ ಓಡಿ ಬರುವುದು, ಮೂಸುವುದು, ಒಂದು ಸುತ್ತು ಹಾಕುವುದು, ಬಾಯಿ ತಾಗಿಸುವುದು, ಬಿಟ್ಟುಬಿಡುವುದು. ಹಸಿವು ಇತ್ತು, ಅದು ಕಣ್ಣಲ್ಲೇ ಗೊತ್ತಾಗುತ್ತಿತ್ತು. ಹೊಟ್ಟೆ ಒಳಗೆ ಹೋಗಿ ತಲೆ ದೊಡ್ಡದಾಗಿ ಕಾಣತೊಡಗಿತು. ಇವರು ಚೂರನ್ನು ಇನ್ನೂ ಸಣ್ಣದು ಮಾಡಿದರು, ಕೊನೆಗೆ ಅರೆದೇ ಹಾಕಿದರು. ಗಾಜಿನ ಟ್ಯಾಂಕಿನ ಎದುರು ಕೂತು "ತಿನ್ನು, ತಿನ್ನು" ಎಂದು ಬೇಡಿಕೊಳ್ಳುತ್ತಿದ್ದರು.

ಕೊನೆಗೆ ನಾನೇ ಮೀನು ಮಾರಿದ ಅಂಗಡಿಗೆ ಫೋನ್ ಮಾಡಿ, ಅಲ್ಲಿಯವರು ಹೇಳಿದ ಹಾಗೆ ಬಾಯಿಯ ಫೋಟೊ ಕಳಿಸಿದೆ. ಆ ಜಾತಿಗೆ ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದಂತೆ. ಚಿಪ್ಪು ಕಡಿದರೆ ಮಾತ್ರ ಸವೆಯುವುದಂತೆ. ನಮ್ಮ ಮೆತ್ತಗಿನ ಊಟದಲ್ಲಿ ಅದು ಗಿಳಿಯ ಕೊಕ್ಕಿನ ಹಾಗೆ ಬೆಳೆದು ಬಾಯಿಗೆ ಬಾಗಿಲು ಹಾಕಿಬಿಟ್ಟಿತ್ತು. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮಂಪರು ಬರಿಸಿ ಹಲ್ಲು ಕತ್ತರಿಸಬೇಕು, ತಡ ಮಾಡಿದರೆ ಉಳಿಯುವುದಿಲ್ಲ ಎಂದರು. ಇಲ್ಲಿಯ ದನದ ಡಾಕ್ಟರನ್ನು ಕೇಳಿದರೆ ಮಂಗಳೂರಿಗೆ ಕೊಂಡುಹೋಗಿ ಎಂದರು. ಆ ಸ್ಥಿತಿಯಲ್ಲಿ ಮೀನು ಅರ್ಧದಾರಿಯ ಬಿ.ಸಿ. ರೋಡು ದಾಟುವುದೇ ಅನುಮಾನವಿತ್ತು.

ಭಾನುವಾರ ಬೆಳಿಗ್ಗೆ ಎಣ್ಣೆ ತರಲು ನಾನು ಚಪ್ಪಲಿ ಹಾಕುತ್ತಿದ್ದೆ. "ಬೇಡ, ಉಂಟು" ಎಂದು ಅವರು ಗೋಡೆಗೆ ನೇತುಹಾಕಿದ ಅಂಗಿಯ ಕಿಸೆಯಿಂದ ಒಂದು ಸಣ್ಣ ಬಾಟ್ಲಿ ತೆಗೆದರು. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

"ಇದು ಎಂತಕ್ಕೆ ಇಟ್ಕೊಂಡದ್ದು ನೀವು?"

"ಹಲ್ಲುನೋವಿಗೆ. ಯಾವಾಗಲೋ ತಂದದ್ದು."

ಹಲ್ಲುನೋವು ಎಂದು ಅವರು ಒಮ್ಮೆಯೂ ನನ್ನ ಹತ್ತಿರ ಹೇಳಿರಲಿಲ್ಲ. ಅವರು ಆಗಲೇ ಬೋಗುಣಿಯ ನೀರಿಗೆ ಎಣ್ಣೆ ಬೆರೆಸಿ ಮೀನನ್ನು ಅದಕ್ಕೆ ಬಿಟ್ಟಿದ್ದರು. ಕೇಳಬೇಕೆನ್ನುವಷ್ಟರಲ್ಲಿ ಅದು ಮಗ್ಗುಲಾಯಿತು.

ನಾನು ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡೆ. ಅಂಗೈಯಲ್ಲಿ ಅದರ ಕಿವಿರು ಮಾತ್ರ ನಿಧಾನಕ್ಕೆ ಆಡುತ್ತಿತ್ತು. ಸತ್ತೇ ಹೋಯಿತು ಎಂದುಕೊಂಡೆ. ಅವರದು ಅಡಿಕೆ ಕತ್ತರಿ ಹಿಡಿದು ಪಳಗಿದ ಕೈ. ಸಣ್ಣ ಉಗುರುಕತ್ತರಿಯಲ್ಲಿ ಮೇಲೆ ಒಂದು ಸಲ, ಕೆಳಗೆ ಒಂದು ಸಲ. ಅಕ್ಕಿಯ ನುಚ್ಚಿನಂಥ ಎರಡು ಚೂರು ಬಟ್ಟೆಯ ಮೇಲೆ ಬಿದ್ದವು. ಟ್ಯಾಂಕಿಗೆ ಬಿಟ್ಟ ಮೇಲೆ ಅದು ತುಂಬ ಹೊತ್ತು ತಳದಲ್ಲೇ ಮಲಗಿತ್ತು. ಆಮೇಲೆ ರೆಕ್ಕೆ ಆಡಿಸಿತು. ಅವರು ತಲೆಗೆ ಸುತ್ತಿದ ಬೈರಾಸಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡದ ಹಾಗೆ ಮಾಡಿದೆ.

ಮರುದಿನ ಚಿಪ್ಪು ಸಮೇತ ಒಂದು ಸಣ್ಣ ಮರುವಾಯಿ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನಿಂದ ಕಟಕ್ ಎಂದು ಸದ್ದು ಬಂತು. ಮೀನು ಕಡಿಯುತ್ತಿತ್ತು.

ಆ ಖುಷಿಗೆ ನಾನು ಉಳಿದ ಮರುವಾಯಿಯ ಸುಕ್ಕ ಮಾಡಿ, ಅಂಗಡಿಯಿಂದ ಊಟಕ್ಕೆ ಬಂದ ಇವರಿಗೆ ರೊಟ್ಟಿಯ ಜೊತೆ ಬಡಿಸಿದೆ. ಮೆಣಸು ಅರ್ಧಕ್ಕೆ ಇಳಿಸಿದ್ದೆ, ಆ ದಿನ ಜಗಳ ಬೇಡವೆಂದು. ಅವರು ತಟ್ಟೆಯನ್ನು ಮೂಗಿನ ಹತ್ತಿರ ತಂದು ಪರಿಮಳ ನೋಡಿದರು. ತಟ್ಟೆಯನ್ನು ಒಂದು ಸುತ್ತು ತಿರುಗಿಸಿದರು. ಒಂದು ಚೂರನ್ನು ಎತ್ತಿ ತುಟಿಗೆ ತಾಗಿಸಿದರು. ಕೆಳಗಿಟ್ಟರು. ನೀರು ಕುಡಿದರು.

ಇದನ್ನು ನಾನು ನೋಡಿದ್ದೆ. ತಿಂಗಳುಗಟ್ಟಲೆ ಗಾಜಿನ ಎದುರು ನಿಂತು ಇದನ್ನೇ ನೋಡಿದ್ದೆ. ಖಾರದ ಮಾತು, ನೆನೆದ ರೊಟ್ಟಿ, ಗಂಜಿ, ಕಿಸೆಯಲ್ಲಿದ್ದ ಬಾಟ್ಲಿ ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಇವರು ಈಗೀಗ ಆಕಳಿಸುವುದನ್ನು, ಬಾಯ್ತುಂಬ ನಗುವುದನ್ನು ನಾನು ನೋಡಿಲ್ಲ ಎಂಬುದು ಆ ಕ್ಷಣ ನೆನಪಾಯಿತು. ನಾನು ಎದ್ದು ಅವರ ಹತ್ತಿರ ಹೋದೆ.

"ಬಾಯಿ ತೆರೆಯಿರಿ ನೋಡುವ" ಎಂದೆ.

"ಎಂತಕ್ಕೆ? ನನ್ನ ಹಲ್ಲನ್ನೂ ಕತ್ತರಿಸುದಾ?"

"ತಮಾಷೆ ಬೇಡ. ತೆರೆಯಿರಿ."

ಅವರು ತೆರೆದರು. ನಾನು ಬೆರಳು ಹಾಕಿದೆ. ಒಂದು ಬೆರಳು ಹೋಯಿತು, ಎರಡನೆಯದಕ್ಕೆ ಜಾಗ ಇರಲಿಲ್ಲ. ಒಳಗೆ ಕೆನ್ನೆ ಒಣಗಿದ ಅಡಿಕೆ ಹಾಳೆಯ ಹಾಗೆ ಬಿಗಿದಿತ್ತು. ಟ್ಯಾಂಕಿನಲ್ಲಿ ಮೀನು ಇನ್ನೂ ಚಿಪ್ಪು ಕಡಿಯುತ್ತಿತ್ತು.

"ಪೂರ್ತಿ ತೆರೆಯಿರಿ" ಎಂದೆ, ನನ್ನ ಸ್ವರ ನನಗೇ ಜೋರಾಗಿ ಕೇಳಿಸಿತು.

ಅವರು ನನ್ನ ಬೆರಳನ್ನು ಮೆಲ್ಲಗೆ ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಪೂರ್ತಿ ತೆರೆದದ್ದೇ ಅದು" ಎಂದರು.