ಬಾಳವ್ವ ಮೊಮ್ಮಗಳನ್ನು ನೋಡಿದ್ದು

ಪಕ್ಕದ ಮನೆಯವರು ಮಗುವಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಿದ್ದಾರೆ. ಘಾಟು ಬಂದರೆ ದೃಷ್ಟಿ ಆಗಿರಲಿಲ್ಲ ಎಂದು ಲೆಕ್ಕ. ಹಾಗಾದರೆ ಮಗು ಕ್ಷೇಮ, ಕೆಮ್ಮು ನನ್ನ ಪಾಲಿಗೆ. ಕೆಮ್ಮುತ್ತ ಅಂಗಳದಲ್ಲಿ ನಿಂತಾಗ ಬಾಳವ್ವನ ನೆನಪಾಯಿತು ನೋಡಿ.

ಅಕ್ಕಲಕೋಟದಲ್ಲಿ ನನ್ನದೊಂದು ಬಟ್ಟೆಯಂಗಡಿ. ಗಿರಾಕಿ ಎದ್ದು ಹೋದರೆ ಇನ್ನು ಬರುವುದಿಲ್ಲವೆಂದೂ, ಫೋನು ಬಂದರೆ ಯಾರೋ ಸತ್ತರೆಂದೂ ಅಂದುಕೊಳ್ಳುವ ಮನಸ್ಸು ನನ್ನದು. ಮೊದಮೊದಲು ಮನೆಯವರು ನಕ್ಕರು. ಅಂಗಡಿಯ ಬಾಗಿಲು ತೆಗೆಯುವುದನ್ನೇ ಬಿಟ್ಟಾಗ ಸೊಲ್ಲಾಪುರದ ಆಸ್ಪತ್ರೆಯ ದಾರಿ ತೋರಿಸಿದರು. ಅಲ್ಲಿ ಉಳಿಯಬೇಕಾಗಿರಲಿಲ್ಲ. ಆರು ವಾರ, ವಾರಕ್ಕೆ ನಾಲ್ಕು ದಿನ, ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಹೋಗುವುದು. ಮೂರು ತಾಸು ನನ್ನಂಥವರೆಲ್ಲರ ಜೊತೆ ಕುಳಿತು ತಲೆಯೊಳಗಿನ ಕೆಟ್ಟ ವಿಚಾರಗಳನ್ನು ಹೇಳಿಕೊಂಡು, ಅವು ಖರೆಯೋ ಸುಳ್ಳೋ ಪರೀಕ್ಷಿಸಿ, ಮನೆಗೆ ಮರಳುವುದು. ಇಷ್ಟು ಶಿಸ್ತಾಗಿ ನಾನು ಸಾಲೆಗೂ ಹೋದವನಲ್ಲ.

ಅದೇ ಬಸ್ಸಿನಲ್ಲಿ, ಅದೇ ಚಿಕಿತ್ಸೆಗೆ, ಕುರನೂರಿನ ಕುರಿಗಾರರ ಮನೆಯ ಬಾಳವ್ವ ಬರುತ್ತಿದ್ದಳು. ಹಣೆತುಂಬ ಬೀರೋಬ ದೇವರ ಭಂಡಾರದ ಅರಿಶಿನ, ಕಣ್ಣು ಸದಾ ನೆಲದ ಮೇಲೆ. ಮೊಮ್ಮಗಳು ಹುಟ್ಟಿದ ದಿನ ಎತ್ತಿ ನೋಡಿದ್ದಳಂತೆ. ಅಂದೇ ಕೂಸಿಗೆ ಜ್ವರ. ಕೂಸು ಎರಡು ದಿನಕ್ಕೆ ಗುಣವಾಯಿತು, ಅಜ್ಜಿ ಆಗಲಿಲ್ಲ. “ನನ್ನ ಕಣ್ಣ ಕೆಟ್ಟಾವ್ರಿ,” ಎನ್ನುತ್ತ, ಒಂದೇ ಮನೆಯಲ್ಲಿದ್ದೂ ನಾಲ್ಕು ತಿಂಗಳಿಂದ ಅದರ ಮುಖ ನೋಡಿರಲಿಲ್ಲ.

“ನೋಡ್ರಿ, ಏನಾಗ್ತದ ಪರೀಕ್ಷಾ ಮಾಡೂಣು,” ಎಂದರು ಡಾಕ್ಟರಬಾಯಿ. ಕೂಸಿನ ಮೇಲೆ ಬೇಡವೆಂದು ಬಾಳವ್ವ ಮೊದಲು ಒಂದು ಕುರಿಮರಿಯನ್ನು ಆರಿಸಿಕೊಂಡಳು. ಮೂರು ದಿನ ಕಣ್ಣುತುಂಬ ನೋಡಿದಳು. ಮರಿ ಗಟ್ಟಿಮುಟ್ಟಾಗಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

“ದಿನಾ ಸಂಜೀಕ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿನೂ ತಗದೇನ್ರಿ,” ಎಂದಳು ಬಾಳವ್ವ.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. “ಅಯ್ಯ! ಮತ್ತ ಮರಿ ಉಳದದ್ದು ಮೆಣಸಿನಕಾಯಿಂದ ಅಂತೀರಿ ನೀವು.”

“ಮೂಕ ಜೀವ ಅದು, ಡಾಕ್ಟರಬಾಯಿ. ಹಂಗ ಬಿಡಾಕ ಬರತದೇನ್ರಿ?”

ನಾನು ನಕ್ಕೆ. ಆಮೇಲೆ ನಾಚಿಕೆಯಾಯಿತು. ಮರಿಯನ್ನೂ ಇಷ್ಟು ಕಾಯುವವಳ ಕಣ್ಣು ಕೆಟ್ಟದ್ದಾಗುವುದು ಹೇಗೆ?

ಮೆಣಸಿನಕಾಯಿ ಇಲ್ಲದೆ ಮತ್ತೆ ಮೂರು ದಿನ ನೋಡಿದಳು. ಮರಿ ಜಿಗಿಯುತ್ತಲೇ ಇತ್ತು.

ಕೊನೆಯ ವಾರ ಸೊಸೆ ಕೂಸನ್ನು ಆಸ್ಪತ್ರೆಗೇ ತಂದು ಅವಳ ತೊಡೆಯ ಮೇಲಿಟ್ಟಳು. ಬಾಳವ್ವ ಕಣ್ಣು ಮುಚ್ಚಿಕೊಂಡಳು. ಯಾರೂ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು. ನೋಡಿದಳು, ನೋಡುತ್ತಲೇ ಇದ್ದಳು.

“ಇಕಿ ಕಿವಿ ನನ್ನಂಗ ಅದಾವಲ್ಲ,” ಎಂದಳು. “ಒಬ್ಬರೂ ಹೇಳ್ಲಿಲ್ಲಲ್ಲ ನನಗ.”

ಸೊಸೆ ಅತ್ತಳು. ನನಗೂ ಅಳು ಬಂತು.

ಆ ಹುಡುಗಿಗೆ ಈಗ ಆರೇಳು ವರ್ಷವಾಗಿರಬೇಕು. ಯಾರನ್ನು ನೆನೆದರೂ ಮೊದಲು ಕೆಡುಕೇ ಕಾಣುತ್ತಿದ್ದ ನನಗೆ ಇಂದು ಅಂಗಳದಲ್ಲಿ ನಿಂತಾಗ ಮನಸ್ಸಿನಲ್ಲಿ ಕಂಡದ್ದು ಇಷ್ಟೇ: ಅವಳು ಓಲೆ ಹಾಕಿಸಿಕೊಳ್ಳಲು ಕುಳಿತಿದ್ದಾಳೆ, ಅಜ್ಜಿ ಅವಳ ಮುಖ ಎತ್ತಿ ಹಿಡಿದಿದ್ದಾಳೆ.