ಗೋಡೆಯಡಿಯ ಬಿಲ

ಕಾವಲುಗಾರ ಸಬಾಸ್‌ನ ಸಾಮಾನೆಲ್ಲ ಗಾಡಿಗೇರುವುದನ್ನು ಕಣ್ಣಾರೆ ನೋಡಿಯೇ ಸಾಯುತ್ತೇನೆ ಎಂದು ಕಸಿಲ್ದಾ ಅತ್ತೆ ಗಂಡನ ಹೆಣದ ಮುಂದೆ ಕೂತು ಹೇಳಿದ್ದಳು. ಅಳುವ ಹೊತ್ತಿನಲ್ಲಿ ಹೆಂಗಸರು ಏನೇನೋ ಅನ್ನುತ್ತಾರೆ ಎಂದು ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ನಾನು ಹಚ್ಚಿಕೊಂಡೆ. ನಾನು ಪಕ್ಕದ ಮನೆಯವಳು. ಅವಳು ಅಳುತ್ತಿರಲಿಲ್ಲ ಎಂಬುದನ್ನು ಹತ್ತಿರದಿಂದ ಕಂಡಿದ್ದೆ.

ತೊಲೇದೊ ಬೆಟ್ಟಗಳ ನಮ್ಮ ವಾಲ್ದೆಹಾರಾ ಊರಿನಲ್ಲಿ ಮುಕ್ಕಾಲು ಪಾಲು ನೆಲ ಧಣಿಯದು. ಅದರ ಸುತ್ತ ಆಳೆತ್ತರದ ಕಲ್ಲುಗೋಡೆ. ಒಳಗಿನ ಮೊಲ ಧಣಿಯದು, ಹೊರಗಿನದು ನಮ್ಮದು. ಮೊಲಕ್ಕೆ ಇದನ್ನು ಯಾರೂ ಹೇಳಿರಲಿಲ್ಲ. ಅವು ಗೋಡೆಯ ಬುಡದಲ್ಲೇ ಬಿಲ ಕೊರೆದಿದ್ದವು, ಅರ್ಧ ಬಾಯಿಗಳು ಆಚೆ, ಅರ್ಧ ಈಚೆ. ಕಸಿಲ್ದಾಳ ಗಂಡ ಲೀನೊ ಬದುಕಿದ್ದೇ ಇದರಿಂದ. ಮುಂಗುಸಿಯಂಥ ಒಂದು ಹೆಣ್ಣು ಫೆರೆಟ್ಟನ್ನು ಅವನು ಕೊರಳಿಗೆ ಗೆಜ್ಜೆ ಕಟ್ಟಿ ಸಾಕಿದ್ದ. ಗೋಡೆ ಹತ್ತಿ ಇಳಿದು, ಆಚೆಯ ಬಾಯಿಗಳಿಗೆಲ್ಲ ಕಲ್ಲಿಟ್ಟು, ಬೆಳಕು ಒಂದಿಷ್ಟೂ ಕಾಣದ ಹಾಗೆ ಹಾರಾ ಎಂಬ ಪೊದೆಯ ಅಂಟಂಟಾದ ಸೊಪ್ಪನ್ನು ಸಂದಿಗೆ ತುರುಕುತ್ತಿದ್ದ. ಉಳಿಸಿಕೊಂಡ ಒಂದು ಬಾಯಿಯಲ್ಲಿ ಫೆರೆಟ್ಟನ್ನು ಬಿಟ್ಟು ಅದನ್ನೂ ಮುಚ್ಚುತ್ತಿದ್ದ. ಈಚೆ ಬಲೆ ಹಾಸಿ ಕೂತರೆ ಧಣಿಯ ಮೊಲಗಳು ಜೀವ ಉಳಿಸಿಕೊಳ್ಳಲು ಓಡಿ ಬಂದು ನಮ್ಮ ನೆಲದಲ್ಲಿ ಬೀಳುತ್ತಿದ್ದವು. ಯಾರಾದರೂ ಕೇಳಿದರೆ, "ತಾವಾಗೇ ಬಂದ್ವು ಸ್ವಾಮಿ, ನಾನೇನು ಕರೆದ್ನಾ?" ಅನ್ನುತ್ತಿದ್ದ. ಅರ್ಧ ಊರು ಆ ಮೊಲ ತಿಂದು ಬೆಳೆದಿದೆ. ನನ್ನ ಮೈಯಲ್ಲೂ ಅದರ ಮಾಂಸವಿದೆ.

ಧಣಿಯ ಕಾವಲುಗಾರ ಸಬಾಸ್ ಒಂದು ಬೆಳಗ್ಗೆ ಲೀನೊನನ್ನು ಗೋಡೆಯ ಮೇಲೆಯೇ ಹಿಡಿದ. ಅವನ ಕಣ್ಣೆದುರಿಗೇ ಫೆರೆಟ್ಟನ್ನು ಕಲ್ಲಿಗೆ ಬಡಿದು ಸಾಯಿಸಿದ. ಆಮೇಲೆ ಬಂದೂಕಿನ ಹಿಡಿಯಿಂದ ಅವನ ಎದೆಗೆ ಗುದ್ದಿದ, ಗುದ್ದುತ್ತಲೇ ಇದ್ದ. ಲೀನೊ ಮನೆಗೆ ಬಂದು ರಕ್ತ ಕಾರಿದ, ಸುಗ್ಗಿಗೆ ಮುಂಚೆ ಹೋದ. ಸಬಾಸ್‌ಗೆ ಧಣಿ ಹೊಸ ಕೋಟು ಹೊಲಿಸಿಕೊಟ್ಟ.

ಐವತ್ತನಾಲ್ಕರ ಬೇಸಿಗೆಯಲ್ಲಿ ತೊಗಲು ಕೊಳ್ಳುವವನು ಊರಿಗೆ ಬಂದು ಕತೆ ಹೇಳಿದ. ಫ್ರಾನ್ಸಿನ ಕಡೆಯಿಂದ ಏನೋ ಬೇನೆ ಬಂದಿದೆ, ಮೊಲಗಳ ಕಣ್ಣು ಊದಿಕೊಂಡು ಕೀವು ತುಂಬುತ್ತದೆ, ಕುರುಡಾಗಿ ದಾರಿಯಲ್ಲೇ ಕೂತುಬಿಡುತ್ತವೆ, ತೊಗಲೂ ಕೆಲಸಕ್ಕೆ ಬರುವುದಿಲ್ಲ ಎಂದ. ಎಲ್ಲರೂ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಕಸಿಲ್ದಾ ಮಾತ್ರ ಅವನಿಗೆ ಒಂದು ಜಾಡಿ ಜೇನು ಕೊಟ್ಟು, ಅಂಥದೊಂದನ್ನು ಜೀವಂತ ತಂದುಕೊಡಲು ಹೇಳಿದಳು. ಜೇನಿನ ಆಸೆಗೆ ಅವನು ತಂದೂ ಕೊಟ್ಟ.

ನೆತ್ತಿ ಸುಡುವ ಮಧ್ಯಾಹ್ನ, ಸಬಾಸ್ ಊಟ ಮಾಡಿ ಗೊರಕೆ ಹೊಡೆಯುವ ಹೊತ್ತಿಗೆ, ಅವಳು ಬುಟ್ಟಿ ಹಿಡಿದು ಗೋಡೆಯ ಬುಡಕ್ಕೆ ಹೋದಳು. ಈ ಸಲ ಎಲ್ಲವೂ ತಿರುವುಮುರುವು. ನಮ್ಮ ಕಡೆಯ ಬಾಯಿಗಳಿಗೆಲ್ಲ ಗಂಡ ಮುಚ್ಚುತ್ತಿದ್ದ ಹಾಗೆಯೇ ಕಲ್ಲಿಟ್ಟಳು, ಸೊಪ್ಪು ತುರುಕಿದಳು. ಕೊನೆಯ ಬಾಯಿಯಲ್ಲಿ ಆ ಕುರುಡು ಮೊಲವನ್ನು ನೂಕಿ ಅದನ್ನೂ ಮುಚ್ಚಿದಳು. ಹೋಗುವುದಾದರೆ ಧಣಿಯ ಕಡೆಗೇ ಹೋಗಬೇಕು. ಬಿಲದ ಬಾಯಿ ಮುಚ್ಚಿದರೆ ಆ ದಾರಿ ಮುಗಿಯಿತು ಎಂದು ನಂಬಿದ ಮನೆತನ ಅವಳದು. ಬೇನೆ ಚಿಗಟದ ಬೆನ್ನೇರಿ, ಸೊಳ್ಳೆಯ ರೆಕ್ಕೆಯೇರಿ ಬರುತ್ತದೆ, ವೈರಸ್ಸಿಗೆ ಬಾಗಿಲು ಬೇಕಿಲ್ಲ ಎಂದು ನಮಗೆ ಪಶುವೈದ್ಯರು ಹೇಳಿದ್ದು ಎಲ್ಲ ಮುಗಿದ ಮೇಲೆ.

ಮೊದಲು ಗೋಡೆಯ ಆಚೆಯಿಂದ ನಾತ ಬಂತು. ಕಸಿಲ್ದಾಳ ನಡಿಗೆಯೇ ಬದಲಾಯಿತು, ಹರೆಯದವಳ ಹಾಗೆ ಸೊಂಟ ತಿರುಗಿಸಿ ನಡೆದಳು. ದ್ರಾಕ್ಷಿ ಕೊಯ್ಯುವ ಹೊತ್ತಿಗೆ ನಾತ ಈಚೆಯೂ ಬಂತು. ನಮ್ಮ ಬೆಟ್ಟದ ಮೊಲಗಳು ಹಾಡಹಗಲೇ ಓಣಿಗೆ ಬಂದು ತಲೆ ಅಲ್ಲಾಡಿಸುತ್ತ ಕೂತವು. ನಾಯಿಗಳೂ ಮೂಸಿ ಬಿಟ್ಟುಹೋದವು. ಹದ್ದು ಗೂಡು ಬಿಟ್ಟಿತು, ನರಿಗಳು ಕೋಳಿಗೂಡಿಗೆ ನುಗ್ಗಿದವು.

ಬಟ್ಟೆ ಒಗೆಯುವ ಕಟ್ಟೆಯಲ್ಲಿ ನಮ್ಮಮ್ಮ ಹಲ್ಲು ಕಡಿದಳು. "ಯಾವ ಮನೆಹಾಳ ತಂದನೋ ಇದನ್ನ! ಅವನ ಕಣ್ಣೂ ಹಿಂಗೇ ಊದ್ಕೊಳ್ಲಿ!"

"ಊದ್ಲಿ ಕಣೆ," ಎಂದು ಕಸಿಲ್ದಾ ದುಪ್ಪಟಿಯನ್ನು ಕಲ್ಲಿಗೆ ಬಡಿದಳು. "ಎರಡೂ ಊದ್ಲಿ."

ಅಕ್ಟೋಬರಿನಲ್ಲಿ ಧಣಿಯ ದೊಡ್ಡ ಬೇಟೆ. ಮದ್ರಿದ್‌ನಿಂದ ಬಂದ ದೊಡ್ಡ ಮನುಷ್ಯರ ಬೂಟಿನ ಬಳಿಗೆ ಕುರುಡು ಮೊಲಗಳು ತಾವಾಗಿಯೇ ತೆವಳಿ ಬಂದವು. ಯಾರೋ ಒಬ್ಬರು ಅಲ್ಲೇ ವಾಂತಿ ಮಾಡಿಕೊಂಡರು. ಧಣಿಗೆ ಅವಮಾನ ತೀರಿಸಿಕೊಳ್ಳಲು ಒಂದು ತಲೆ ಬೇಕಿತ್ತು. ಅದೇ ವಾರ ಸಬಾಸ್‌ನ ಮಂಚ, ಮಡಕೆ, ಹೆಂಡತಿ, ಮಕ್ಕಳು ಎಲ್ಲ ಗಾಡಿಯ ಮೇಲೆ ಬಂದವು. ನಮ್ಮ ಓಣಿಯಲ್ಲೇ ಬಂದವು, ಬೇರೆ ದಾರಿ ಇರಲಿಲ್ಲ. ಕಸಿಲ್ದಾ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾನು ನಮ್ಮ ಬಾಗಿಲ ಹಿಂದೆ ನಿಂತಿದ್ದೆ.

ಸಬಾಸ್ ಗಾಡಿ ನಿಲ್ಲಿಸಿದ. "ಒಂದು ಹೇಳು ಕಸಿಲ್ದಾ. ಗೋಡೆ ಬುಡದಲ್ಲಿ ಕಲ್ಲಿಟ್ಟು ಸೊಪ್ಪು ತುರುಕಿದೋರು ಯಾರು? ಹಂಗೆ ಮುಚ್ತಿದ್ದೋನು ಲೀನೊ ಒಬ್ಬನೇ."

"ಲೀನೊ ಸತ್ತೋದ್ನಲ್ಲಪ್ಪ. ನೀನೇ ತಾನೆ ಕಳಿಸಿದ್ದು?"

"ಹಂಗಾದ್ರೆ ನೀನೇ."

"ನಾನೇ. ಹೋಗು, ನಿನ್ನ ಧಣಿಗೆ ಹೇಳು. ಅಯ್ಯೋ, ಈಗ ನಿನಗೆ ಧಣಿನೇ ಇಲ್ವಲ್ಲ!"

ಅವನು ಬೆಟ್ಟದ ಕಡೆ ನೋಡಿದ. "ಊರೋರು ಏನು ತಿಂತಾರೆ? ನೀನೇನು ತಿಂತೀಯ?"

"ನೀನು ಹೋಗೋದನ್ನ ನೋಡ್ತಿದೀನಲ್ಲ. ಹೊಟ್ಟೆ ತುಂಬಿತು ಬಿಡು."

ಅವಳ ಹೊಟ್ಟೆ ತುಂಬಿತು. ನನ್ನ ಮೈ ಉರಿದುಹೋಯಿತು. ಆ ಚಳಿಗಾಲದಲ್ಲಿ ನನ್ನ ಮದುವೆಯಾಗಬೇಕಿತ್ತು. ನನ್ನ ಎಲಾದಿಯೋ ಕೂಡ ಮೊಲ ಹಿಡಿಯುವವನೇ, ಬೇರೆ ಕಸುಬು ಗೊತ್ತಿರಲಿಲ್ಲ. ಖಾಲಿ ಬಲೆಯನ್ನು ಗೂಟಕ್ಕೆ ನೇತುಹಾಕಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋದ, ಅಲ್ಲೇ ಯಾರನ್ನೋ ಕಟ್ಟಿಕೊಂಡ. ನಾನು ಕಸಿಲ್ದಾಳ ಹೆಸರು ಹೇಳಿದ್ದರೆ ಊರು ಅವಳನ್ನು ಸಿಗಿದು ಹಾಕುತ್ತಿತ್ತು. ಅವಳ ಶಿಕ್ಷೆ ಅಷ್ಟು ಬೇಗ ಮುಗಿದುಹೋಗುವುದು ನನಗೆ ಬೇಕಿರಲಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆಲಸಕ್ಕೆಂದು ಮದ್ರಿದ್‌ಗೆ ಹೋದೆ.

ಐದು ವರ್ಷದ ಮೇಲೆ ಹೊಸ ಮನೆಯೊಂದರಲ್ಲಿ ಕೆಲಸ ಸಿಕ್ಕಿತು. ಆ ಕಟ್ಟಡದ ಬಾಗಿಲು ಕಾಯುವವನು, ನನಗೆ ಬಾಗಿಲು ತೆರೆದವನು ಸಬಾಸ್. ಹಿತ್ತಾಳೆ ಗುಂಡಿಯ ಅಂಗಿ, ಕೊಬ್ಬಿ ಮಡಿಕೆ ಬಿದ್ದ ಗದ್ದ. ನನ್ನ ಗುರುತು ಹಿಡಿದು ಖುಷಿಯಿಂದ ಒಂದು ಕಿತ್ತಳೆ ಕೈಗಿಟ್ಟ.

"ಏನಮ್ಮಾ ಆಸುನ್, ಕಸಿಲ್ದಾ ಬದುಕಿದಾಳಾ? ಅವಳ ಋಣ ನನ್ನ ಮೇಲಿದೆ ಅಂತ ಹೇಳು. ಆ ಬೆಟ್ಟದಲ್ಲೇ ಇದ್ದಿದ್ರೆ ನಾಯಿ ಹಂಗೆ ಸಾಯ್ತಿದ್ದೆ. ಈಗ ನೋಡು, ಮಕ್ಕಳು ಶಾಲೆಗೆ ಹೋಗ್ತವೆ, ಮನೆ ಬೆಚ್ಚಗಿರ್ಲಿ ಅಂತ ಗೋಡೆ ಒಳಗೆಲ್ಲ ಬಿಸಿನೀರಿನ ಕೊಳವೆ!"

ಕಿತ್ತಳೆಯನ್ನು ಚರಂಡಿಗೆ ಎಸೆದೆ. ಮಾತನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡೆ.

ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗ ಕಸಿಲ್ದಾ ಹಾಸಿಗೆ ಹಿಡಿದಿದ್ದಳು. ಒಲೆಯಲ್ಲಿ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಸತ್ತ ಫೆರೆಟ್ಟಿನ ಮಗಳು, ಅದೂ ಮುದಿಯಾಗಿತ್ತು, ಪೆಟ್ಟಿಗೆಯಲ್ಲಿತ್ತು. ತಾನು ಉಪವಾಸವಿದ್ದು ಅದಕ್ಕೆ ಹಾಲಿನಲ್ಲಿ ರೊಟ್ಟಿ ನೆನೆಸಿ ಹಾಕುತ್ತಿದ್ದಳು.

"ಆ ಸಬಾಸ್ ಮದ್ರಿದ್‌ನಲ್ಲೇ ಇದಾನಂತೆ. ಎಲ್ಲಾದ್ರೂ ಕಂಡ್ನಾ?" ಎಂದು ಕಣ್ಣರಳಿಸಿದಳು. "ಚರ್ಚಿನ ಬಾಗಿಲಲ್ಲಿ ಕೈಯೊಡ್ಡಿ ಕೂತಿದಾನಾ?"

ಹೌದು ಅತ್ತೆ ಎಂದಿದ್ದರೆ ಮುದುಕಿ ನೆಮ್ಮದಿಯಿಂದ ಸಾಯುತ್ತಿದ್ದಳು. ನಾನು ಗುಂಡಿಗಳಿಂದ ಹಿಡಿದು ಕೊಳವೆಗಳವರೆಗೆ ಒಂದೂ ಬಿಡದೆ ಹೇಳಿದೆ.

"ಬೆಚ್ಚಗಿದಾನಾ?"

"ಬೆಚ್ಚಗಿದಾನೆ ಅತ್ತೆ. ಡಿಸೆಂಬರಲ್ಲೂ ಬರೀ ಅಂಗೀಲಿ ಓಡಾಡ್ತಾನೆ. ನಿನ್ನ ಋಣ ತನ್ನ ಮೇಲಿದೆ ಅಂತ ಹೇಳು ಅಂದ."

"ಋಣ ಅಂದ್ನಾ?"

"ಅಂದ."

ಅವಳು ಮೊಣಕೈಯೂರಿ ತಲೆಯೆತ್ತಿದಳು. "ಅವತ್ತು ಬಾಗಿಲ ಹಿಂದೆ ನಿಂತಿದ್ದೋಳು ನೀನೇ."

"ನಾನೇ."

"ಬಿಲದ ಎಲ್ಲಾ ಬಾಯೂ ಮುಚ್ಚಿಕೊಂಡೇ ಬಂದಿದೀಯ ಕಣೆ. ನನಗೊಂದೂ ಬಿಟ್ಟಿಲ್ಲ," ಎಂದು ಗೋಡೆಯ ಕಡೆ ಹೊರಳಿದಳು.

ಸುಳ್ಳೇಕೆ ಹೇಳಲಿ, ನನಗೆ ಹಾಯೆನಿಸಿತು. ಪೆಟ್ಟಿಗೆಯಲ್ಲಿ ಗೆಜ್ಜೆ ಸದ್ದಾಯಿತು. ಅವಳು ಏಳಲಿಲ್ಲ. ಆ ಪ್ರಾಣಿಗೆ ನಾನೇ ಹಾಲು ಹಾಕಿ ಮನೆಗೆ ಬಂದೆ.