ಎಲ್ಲರ ಕಣ್ಣು ಮುಚ್ಚಿದ್ದಾಗ

ಮೊನ್ನೆ ಸವಣೂರಿನಲ್ಲಿ ಒಂದು ಮನೆಯ ಗೋಡೆಗೆ ಗಿಲಾಯಿ ಮಾಡುವ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಅಂಗಡಿಯಲ್ಲೊಬ್ಬ ಇದ್ದಿಲಿನ ಇಸ್ತ್ರಿಯನ್ನು ಒದ್ದೆ ಬಟ್ಟೆಯ ಮೇಲೆ ಎಳೆದ. ಆ ಹಬೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಗ್ಗಾವಿಯ ಟೇಲರ್ ಅಣ್ಣನವರು ಎದುರಿಗೆ ಬಂದು ಕುಳಿತಂತಾಯಿತು...

ನಮ್ಮ ಚರ್ಚಿನ ಮನೆಕೂಟ ನಡೆಸುತ್ತಿದ್ದವರು ಅವರೇ. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಹತ್ತಾರು ಮಂದಿ ಚಾಪೆ ಹಾಸಿ ಕೂಡುತ್ತಿದ್ದೆವು. ಹಾಡು, ಸತ್ಯವೇದದ ವಾಕ್ಯ, ಕಡೆಗೆ ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಒಬ್ಬೊಬ್ಬರೂ ಹೇಳುವ ಪ್ರಾರ್ಥನಾ ವಿಷಯ. ಅಲ್ಲಿ ಹೇಳಿದ್ದು ಹೊಸ್ತಿಲು ದಾಟಬಾರದು ಎಂದು ಕಟ್ಟು ಹಾಕಿದವರೂ ಅವರೇ.

ನಾನು ಗೌಂಡಿ. ಸಣ್ಣವನಿದ್ದಾಗಲೇ ಶಾಲೆ ಬಿಟ್ಟು ಕರಣೆ ಹಿಡಿದವನು. ನನ್ನ ಕೈಯ ಗೋಡೆ ಓರೆಯಾದದ್ದಿಲ್ಲ. ಅಕ್ಷರ ಮಾತ್ರ ಕಣ್ಣ ಮುಂದೆ ನಿಲ್ಲುತ್ತಿರಲಿಲ್ಲ. ಹೆಂಡತಿಯನ್ನು ಬಿಟ್ಟರೆ ಇದನ್ನು ಹೇಳಿದ್ದು ಅಣ್ಣನವರೊಬ್ಬರಿಗೇ. ಅವರು ನಗಲಿಲ್ಲ.

"ಶನಿವಾರ ಸಂಜೀಕ ಅಂಗಡಿಗೆ ಬಾ ತಮ್ಮಾ. ನಾ ಓದತೇನಿ, ನೀ ಕೇಳು."

ಇಸ್ತ್ರಿ ಬದಿಗಿಟ್ಟು ಆ ವಾರದ ವಾಕ್ಯ ಓದುತ್ತಿದ್ದರು. ನನಗೆ ಕೇಳಿದ್ದು ಮರೆಯುತ್ತಿರಲಿಲ್ಲ. ಕೂಟದಲ್ಲಿ ತೊಡೆಯ ಮೇಲೆ ಸತ್ಯವೇದ ತೆರೆದಿಟ್ಟುಕೊಂಡು, ಓದುವವನಂತೆ ನಾನೇ ಹೇಳುತ್ತಿದ್ದೆ. ಕಳೆದುಹೋದ ಕುರಿಯ ಕಥೆ ಹೇಳಿದ ದಿನ, ಹಾಲು ಮಾರುವ ಅಜ್ಜಿ ನಡುವೆಯೇ ಬಾಯಿ ಹಾಕಿದಳು: "ಒಂದನ್ನ ಹುಡುಕಾಕ ಹ್ವಾದ್ರ ಉಳಿದಾವನ್ನ ತ್ವಾಳ ತಿನ್ನಂಗಿಲ್ಲೇನೋ? ಆ ಕುರಿ ಕಾಯಾಂವಗ ಬುದ್ಧಿ ಇಲ್ಲ ಬಿಡು!"

ಅಣ್ಣನವರು ನಕ್ಕು ನಕ್ಕು, "ಅಜ್ಜೀ, ಅಂವಗ ಬುದ್ಧಿ ಇದ್ದಿದ್ರ ನಮ್ಮನ್ಯಾಕ ಹುಡುಕ್ತಿದ್ದ?" ಎಂದರು.

ಮಂದಿ ಹೆಚ್ಚಾದರು. ಕೂಟವನ್ನು ಎರಡು ಮಾಡಿ, ಒಂದನ್ನು ನನ್ನ ಕೈಗೆ ಕೊಡುವುದೆಂದಾಯಿತು. ಅಣ್ಣನವರೇ ಪಟ್ಟು ಹಿಡಿದು ಪಾಸ್ಟರನ್ನು ಒಪ್ಪಿಸಿದ್ದರು, ಬಿಳಿ ಅಂಗಿಯನ್ನೂ ಹೊಲಿದುಕೊಟ್ಟಿದ್ದರು. ನನ್ನನ್ನು ಯಾರಾದರೂ ಮುಂದೆ ಕರೆದು ನಿಲ್ಲಿಸುವುದು ಹುಟ್ಟಿದ ಮೇಲೆ ಅದೇ ಮೊದಲಾಗುತ್ತಿತ್ತು. ಅದನ್ನು ಚರ್ಚಿನಲ್ಲಿ ತಿಳಿಸಬೇಕಾಗಿದ್ದ ಭಾನುವಾರ, ಪ್ರಕಟಣೆಗೆ ಮೊದಲು ನನಗಾಗಿ ಪ್ರಾರ್ಥಿಸಲು ಅವರೇ ಎದ್ದರು.

"ಕರ್ತನೇ, ನಮ್ಮ ತಮ್ಮಗ ಓದಾಕ ಬರಾಂಗಿಲ್ಲ. ನಾ ಓದಿದ್ದನ್ನ ಬಾಯಿಪಾಠ ಮಾಡಿ ಹೇಳತಾನ. ಅಂವಗ ಶಕ್ತಿ ಕೊಡಪಾ..."

ಅವರು ನಿಜವಾಗಿಯೂ ಅಳುತ್ತಿದ್ದರು. ಎಲ್ಲರ ಕಣ್ಣು ಮುಚ್ಚಿದ್ದವು. ನನ್ನವು ತೆರೆದಿದ್ದವು... ಒಂದೊಂದೇ ತಲೆ ಎದ್ದು ನನ್ನ ಕಡೆ ತಿರುಗಿದ್ದನ್ನು ಕಂಡೆ. ಆಮೆನ್ ಆದ ಮೇಲೆ ಪಾಸ್ಟರ್ ಗಂಟಲು ಸರಿಮಾಡಿಕೊಂಡು, "ಆ ಗುಂಪಿಂದು ಇನ್ನ ಸ್ವಲ್ಪ ದಿನ ತಡದು ನೋಡೂಣ್ರಿ" ಎಂದರು. ಕಡೆಗೆ ಅದು ಹೈಸ್ಕೂಲ್ ಮಾಸ್ತರರೊಬ್ಬರ ಪಾಲಾಯಿತು.

ಸಂಜೆ ಅಣ್ಣನವರು ಮನೆಗೆ ಬಂದರು. "ಸಿಟ್ಟಾಗಬ್ಯಾಡೋ. ನಾ ದೇವರ ಮುಂದ ಹೇಳೇನಿ."

"ದೇವರ ಮುಂದ ಮನ್ಯಾಗೂ ಹೇಳಬಹುದಿತ್ರಿ. ನೀವು ಮಂದಿ ಮುಂದ ಹೇಳಿದ್ರಿ."

ತಾವು ಮಾಡಿದ್ದೇನೆಂದು ಅವರಿಗೆ ಕಡೆತನಕ ತಿಳಿಯಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು. ಮತ್ತೆ ಅವರ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಅಳು ಬರಲಿಲ್ಲ.

ಕೂಟಕ್ಕೆ ಈಗಲೂ ಹೋಗುತ್ತೇನೆ, ಬಾಗಿಲ ಬಳಿ ಕೂಡುತ್ತೇನೆ. ಕಳೆದ ವಾರ ಪ್ರಾರ್ಥನಾ ವಿಷಯ ಕೇಳುತ್ತ ಕೇಳುತ್ತ ನನ್ನ ಸರದಿ ಬಂತು. ಮರುದಿನ ಹೆಂಡತಿಯ ಎದೆಯ ಗಂಟಿನ ಆಪರೇಷನ್ ಇತ್ತು. ಹೆಂಗಸರ ಸಾಲಿನಿಂದ ಅವಳು ನನ್ನನ್ನೇ ನೋಡುತ್ತಿದ್ದಳು.

"ಏನೂ ಇಲ್ರಿ," ಎಂದೆ. ಮುಂದಿನವರನ್ನು ಕೇಳಿದರು.